ವಿಭೂತಿ ಹಚ್ಚಿದ ಸ್ಟೇಷನ್ನು

ನೆವಾರ್ಕ್, ಕ್ಯಾಲಿಫೋರ್ನಿಯಾ
ಭಾನುವಾರ, ಮಾರ್ಚ್ 8, 2026

ಪ್ರೀತಿಯ ಸಂತೋಷ್,

ಹೇಗಿದ್ದೀಯ? ಬೆನ್ನು ನೋವು ಇಳಿಯಿತೇ? ಹುಬ್ಬಳ್ಳಿಯಲ್ಲಿ ಆಗಲೇ ಬಿಸಿಲು ಜೋರಾಗಿದೆ ಎಂದು ಅತ್ತೆ ಹೇಳಿದರು. ಮಧ್ಯಾಹ್ನದ ಹೊತ್ತು ಸ್ಕೂಟರು ಹತ್ತಿ ಅಲೆಯಬೇಡ. ಬಂಗಾರೆವ್ವಜ್ಜಿಯ ಮೊಣಕಾಲು ಹೇಗಿದೆ? ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ, ಸೇತುವೆ ದಾಟಿ ಫಾಸ್ಟರ್ ಸಿಟಿಯ ಆಫೀಸಿಗೆ ಹೋಗುತ್ತೇನೆ, ಬರುತ್ತೇನೆ. ನಗಬೇಡ, ಇಡೀ ಪತ್ರ ಕನ್ನಡದಲ್ಲೇ ಬರೆಯುತ್ತಿದ್ದೇನೆ! ನಿಶ್ಚಿತಾರ್ಥದ ದಿನ ನಮ್ಮ ಮನೆಯವರೆಲ್ಲರ ಮುಂದೆ "ಕಾನ್ವೆಂಟ್ ಹುಡುಗಿ, ಒಂದ ಪುಟ ಕನ್ನಡಾ ಬರದು ತೋರ್ಸು, ನಿನಗ ಶರಣಂತೀನಿ" ಎಂದು ಕಾಡಿಸಿದ್ದೆಯಲ್ಲ? ಇಗೋ, ಶರಣು ಎನ್ನಲು ತಯಾರಾಗು. ಫೋನಿನಲ್ಲಿಯೂ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಏನೋ ತಮಾಷೆ ಮಾಡುತ್ತೀಯ, ನಾನು ನಕ್ಕುಬಿಡುತ್ತೇನೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಪಕ್ಕದ ಮನೆಯ ಜಯರಾಮ್ ಅವರ ತಾಯಿ ತಾಯಮ್ಮ ಇವತ್ತು ಸಂಜೆ ಊರಿಗೆ ಹೊರಟಿದ್ದಾರೆ. ಮಂಡ್ಯ ಮುಟ್ಟಿದ ಮೇಲೆ ಈ ಪತ್ರವನ್ನು ಪೋಸ್ಟು ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ.

ಮದುವೆಯಾದ ತಿಂಗಳಿಗೆ ನಾನೊಬ್ಬಳೇ ಈ ಮನೆಗೆ ಕಾಲಿಟ್ಟ ಕಥೆಯನ್ನು ನಿನಗೆ ಪೂರ್ತಿ ಹೇಳಿಯೇ ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ವೀಸಾ ಇತ್ತು, ನಿನ್ನದು ಮುಗಿದಿತ್ತು. ಹೊಸ ವೀಸಾದ ಮುದ್ರೆ ಹಾಕಿಸಿಕೊಳ್ಳುವ ದಿನ ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು. ಅದಕ್ಕೆ ನೀನಾದರೂ ಏನು ಮಾಡುತ್ತೀಯ ಎಂದು ಊರಿಗೆಲ್ಲ ನಿನ್ನ ಪರವಾಗಿ ವಾದ ಮಾಡಿದವಳು ನಾನು. ಮದುವೆಗೆಂದು ಊರಿಗೆ ಹೋಗುವವರೆಗೆ ನೀನಿದ್ದ ಈ ಮನೆಯ ಬೀಗ ತೆಗೆದು, ಸೂಟ್‌ಕೇಸು ಹಿಡಿದು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ತಾಯಮ್ಮ ತಮ್ಮ ಬಾಗಿಲಿನಿಂದ ಕೂಗಿದರು. "ಹೊಸಾ ಮದ್ವೆ ಹೆಣ್ಣಾ? ಅಯ್ಯೋ, ನಿಂತ್ಕಳವ್ವ ಅಲ್ಲೇ! ಹಂಗೇ ನುಗ್ಬುಡ್ತಾರಾ ಯಾರಾರ?" ಅವರ ಮನೆಯಲ್ಲಿ ಸೇರು ಎಲ್ಲಿರಬೇಕು? ರೈಸ್ ಕುಕ್ಕರಿನ ಜೊತೆ ಬರುತ್ತದಲ್ಲ, ಆ ಅಳತೆ ಲೋಟದ ತುಂಬ ಅಕ್ಕಿ ತಂದು ಬಾಗಿಲಲ್ಲಿ ಇಟ್ಟರು. ಬಲಗಾಲಿನಿಂದ ಒದ್ದೆ. ಅಕ್ಕಿ ಕಾರ್ಪೆಟ್ಟಿನ ಮೇಲೆಲ್ಲ ಚೆಲ್ಲಿತು. ಇಬ್ಬರೂ ಕೂತು ಒಂದೊಂದೇ ಕಾಳು ಆರಿಸಿ ಡಬ್ಬಿಗೆ ತುಂಬಿದೆವು. "ಮಡಗಿರು. ಗಂಡ ಬಂದ್ ದಿವ್ಸ ಇದ್ರಲ್ಲೇ ಪಾಯ್ಸ ಮಾಡು, ಇಬ್ರೂ ಉಣ್ಣಿ" ಎಂದರು. ಅಂದಿನಿಂದ ಆ ಡಬ್ಬಿ ಫ್ರಿಜ್ಜಿನ ಮೇಲೆ ಕೂತಿತ್ತು. ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ಅದನ್ನು ನೋಡಿ ನಗುತ್ತಿದ್ದೆ, ಹುಚ್ಚಿಯ ಹಾಗೆ.

ಗ್ಯಾರೇಜಿನ ದೀಪ ಹಾಕಿದ ದಿನವಂತೂ ನಿನ್ನನ್ನು ಇನ್ನೊಂದು ಸಲ ಮದುವೆಯಾಗಬೇಕು ಎನ್ನಿಸಿತು. ಎಂಥ ಚೆಂದದ ಮಾದರಿ ರೈಲುಗಳು! ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಪ್ಲೈವುಡ್ಡಿನ ಮೇಜು, ಹಳಿ, ಸೇತುವೆ, ಪುಟ್ಟ ಪುಟ್ಟ ಪೊದೆಗಳು. ಆದರೆ ಒಂದು ತೊಂದರೆ ಇತ್ತು. ನಿನ್ನ ಹಳೆಯ ರೈಲುಗಳು ನಿಜವಾದ ರೈಲಿನ ಎಂಬತ್ತೇಳನೇ ಒಂದು ಭಾಗ. ಹೊಸದಾಗಿ ಕೊಂಡವು ನಲವತ್ತೆಂಟನೇ ಒಂದು ಭಾಗ, ಹೆಚ್ಚುಕಡಿಮೆ ಎರಡು ಪಟ್ಟು. ರೈಲು ಬೆಳೆದಿತ್ತು, ಸ್ಟೇಷನ್ನು ಬೆಳೆದಿರಲಿಲ್ಲ. ಓದುವ ದಿನಗಳಲ್ಲಿ ನೀನು ಕಟ್ಟಿದ ಆ ಎರಡು ಮಹಡಿಯ ಸ್ಟೇಷನ್ನಿನ ಮುಂದೆ ಹೊಸ ಅಳತೆಯ ಪ್ಲಾಸ್ಟಿಕ್ ಮನುಷ್ಯನನ್ನು ನಿಲ್ಲಿಸಿದರೆ ಬಾಗಿಲು ಅವನ ಎದೆಗೆ ಬರುತ್ತಿತ್ತು. "ಏಪ್ರಿಲ್‌ದಾಗ ಓಕ್ಲ್ಯಾಂಡಿನ ನಮ್ಮ ರೈಲು ಕ್ಲಬ್ಬಿನ ಶೋ ಐತಿ. ಸ್ಟೇಷನ್ ಒಂದು ನೀ ದೊಡ್ಡದ ಮಾಡಿಬಿಡು ಸ್ನೇಹಲ್, ಅಷ್ಟೊತ್ತಿಗೆ ನಾನೂ ಬಂದಿರ್ತೀನಿ" ಎಂದೆ ನೀನು. ನಾನು ಆ ಮಾತನ್ನು ಎಷ್ಟು ನಂಬಿದೆನೆಂದರೆ, ಸ್ಟೇಷನ್ನು ಬೇಗ ಮುಗಿದರೆ ನೀನೂ ಬೇಗ ಬರುತ್ತೀಯ ಎಂದುಕೊಂಡುಬಿಟ್ಟಿದ್ದೆ.

ನೀನು ದಿನಾ ಫೋನಿನಲ್ಲಿ ಹೇಳಿಕೊಟ್ಟೆ, ನಾನು ಕೊಯ್ದೆ. "ಗ್ವಾಡಿ ಸುಳ್ಳ ಹೇಳ್ತಾವ, ಬಾಗಲಾ ಹೇಳಂಗಿಲ್ಲ. ಮನಷ್ಯಾನ್ನ ಬಾಗಲದಾಗ ನಿಂದರ್ಸಿ ನೋಡು." ಇಟ್ಟಿಗೆ, ಛಾವಣಿ ಯಾವ ಅಳತೆಯದಾದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಮನುಷ್ಯರು ಮುಟ್ಟುವ ಬಾಗಿಲು, ಮೆಟ್ಟಿಲು, ಕಟಕಟೆಗಳನ್ನು ಮಾತ್ರ ಹೊಸದಾಗಿ ಮಾಡಬೇಕು. ಹಾಗಾಗಿ ಎರಡು ಮಹಡಿಗಳ ನಡುವಿನ ನೆಲವನ್ನು ತೆಗೆದು ಹಾಕಿದೆ. ಕೆಳಗಿನ ಬಾಗಿಲನ್ನೂ ಅದರ ಮೇಲಿನ ಕಿಟಕಿಯನ್ನೂ ಕೊಯ್ದು ಸೇರಿಸಿ ಒಂದೇ ಎತ್ತರದ ಬಾಗಿಲು ಮಾಡಿದೆ. ಪಕ್ಕದ ಏಣಿಮೆಟ್ಟಿಲು ಕಸದ ಬುಟ್ಟಿಗೆ ಹೋಯಿತು. ಎರಡು ಮಹಡಿ ಇದ್ದದ್ದು ಹೊಸ ಅಳತೆಯ ಮನುಷ್ಯರಿಗೆ ಒಂದೇ ಮಹಡಿಯಾಯಿತು. ಎಡಗೈ ಹೆಬ್ಬೆರಳನ್ನೂ ಚೆನ್ನಾಗಿಯೇ ಕೊಯ್ದುಕೊಂಡೆ, ನಿನಗೆ ಹೇಳಲಿಲ್ಲ. ಆಮೇಲೆ ಆ ಪ್ಲಾಸ್ಟಿಕ್ ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸಿದೆ. ಅವನ ಹ್ಯಾಟಿನ ಮೇಲೆ ಬೆರಳಷ್ಟು ಜಾಗ ಉಳಿಯಿತು! ಗ್ಯಾರೇಜಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಅದನ್ನು ಹಳೆಯದಾಗಿ ಕಾಣುವಂತೆ ಮಾಡುವ ಕೆಲಸ ಇನ್ನೂ ಕಷ್ಟದ್ದು. ಸ್ಪಿರಿಟ್ಟಿನಲ್ಲಿ ಎರಡು ಹನಿ ಕಪ್ಪು ಮಸಿ ಹಾಕಿ ಇಟ್ಟಿಗೆಯ ಸಂದಿಗೆ ಇಳಿಸಿದೆ, ಸ್ಪಂಜಿನ ಚೂರಿನಿಂದ ತಗಡಿಗೆ ತುಕ್ಕಿನ ಬಣ್ಣ ಒತ್ತಿದೆ. ಫೋಟೋ ನೋಡಿ ನೀನು ಬೈದೆ. "ಅಡಗಿಮನಿ ಕಪಾಟಿಗೆ ಹಚ್ಚಿದಂಗ ಸರಿಸಮ ಹಚ್ಚೀದಿಯಲ್ಲ! ಮಳಿ ನೀರು ಎಲ್ಲಿಂದ ಇಳೀತದ ನೋಡು, ಮಂದಿ ಕೈ ಎಲ್ಲಿ ಹತ್ತತಾವ ನೋಡು, ಅಲ್ಲಷ್ಟ ಹಚ್ಚು." ತಾಯಮ್ಮ ಒಂದು ಸಂಜೆ ಚಹಾ ಹಿಡಿದು ಬಂದವರು ಕೆನ್ನೆಗೆ ಕೈ ಇಟ್ಟುಕೊಂಡು ನಿಂತರು. "ಚೆಂದಾಗಿರೋ ಮನೆಗೆ ಮಸಿ ಬಳೀತಾ ಕುಂತಿದ್ದೀಯಲ್ಲವ್ವ! ಒಲೆ ತಾವ ಒಂದ್ ತಿಂಗ್ಳು ಮಡಗು, ತಾನೇ ಹಳೇದಾಯ್ತದೆ." ಕೊನೆಗೆ ಪ್ಲಾಟ್‌ಫಾರ್ಮಿಗೆ ಧೂಳು ಹಾಕಬೇಕು ಎನ್ನುವಾಗ ಬೂದು ಬಣ್ಣದ ಪುಡಿ ಮುಗಿದಿತ್ತು. ಅಂಗಡಿಗೆ ಹೋಗುವಷ್ಟು ತಾಳ್ಮೆ ನನಗೆಲ್ಲಿ? ಬಂಗಾರೆವ್ವಜ್ಜಿ "ದಿನಾ ಹಣಿಗೆ ಹಚ್ಕೊ ಯವ್ವಾ, ದೂರ ದೇಶಕ್ಕ ಹೊಂಟೀದಿ" ಎಂದು ಕೊಟ್ಟ ವಿಭೂತಿ ಗಟ್ಟಿ ನೆನಪಾಯಿತು. ಬ್ಲೇಡಿನಿಂದ ಕೆರೆದು, ಕುಂಚದಿಂದ ಉದುರಿಸಿ, ಮೇಲೆ ಅಂಟು ಸಿಂಪಡಿಸಿದೆ. ಅಷ್ಟು ನಿಜವಾದ ಧೂಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಜ್ಜಿಗೆ ಹೇಳಬೇಡ. ಅಥವಾ ಹೇಳು, ಇನ್ನು ಏನಾದರೇನು.

ಈ ಕೆಲಸದಿಂದ ನನಗೆ ಒಂದು ಕೆಟ್ಟ ಅಭ್ಯಾಸವಾಯಿತು. ಎಲ್ಲಿ ನೋಡಿದರೂ ಮನುಷ್ಯರ ಕೈ ತಾಗಿದ ಗುರುತೇ ಕಾಣುತ್ತದೆ. ಗ್ಯಾರೇಜಿನ ಸ್ವಿಚ್ಚಿನ ಸುತ್ತ ನಿನ್ನ ಬೆರಳಿನ ಕಪ್ಪು ಇತ್ತು, ಇಂಜಿನ್ನಿನ ಎಣ್ಣೆಯದು. ಮನೆಯೆಲ್ಲ ಒರೆಸುವಾಗ ಅದೊಂದನ್ನು ಬಿಟ್ಟು ಒರೆಸುತ್ತಿದ್ದೆ. ದೀಪ ಹಾಕುವಾಗ ಅದರ ಮೇಲೇ ಬೆರಳಿಡುತ್ತಿದ್ದೆ. ಇದನ್ನು ಓದಿ ನೀನು ನಗುತ್ತೀಯೋ ಇಲ್ಲವೋ ನನಗೆ ಈಗ ಗೊತ್ತಾಗುವುದಿಲ್ಲ.

ಹೋದ ಶನಿವಾರ ನಿನ್ನ ಕ್ಲಬ್ಬಿನ ರಮೇಶ್ ವ್ಯಾನು ತೆಗೆದುಕೊಂಡು ಬಂದರು. ಪ್ರದರ್ಶನಕ್ಕೆ ಸ್ಟೇಷನ್ನು ಒಯ್ಯಲು ಬಂದಿದ್ದಾರೆ ಎಂದುಕೊಂಡು ನಾನು ಉಪ್ಪಿಟ್ಟು ಮಾಡಿ ಕಾದಿದ್ದೆ. ಅವರು ತಿಂದು, ಕೈ ತೊಳೆದು, ನೇರವಾಗಿ ಹಳಿ ಬಿಚ್ಚತೊಡಗಿದರು. ಹಳಿ ಯಾಕೆ ಬಿಚ್ಚುತ್ತಿದ್ದೀರಿ ಎಂದು ಕೇಳಿದೆ. "ಫುಲ್ ಸೆಟ್ಟು ನನಗೇ ಅಂತ ಜನವರೀಲೇ ಮಾತಾಗಿತ್ತಲ್ಲ? ಬೆಂಗಳೂರು ಆಫೀಸಿಗೆ ಟ್ರಾನ್ಸ್‌ಫರ್ ತಗೊಂಡ್ಮೇಲೆ ಇದನ್ನೆಲ್ಲ ಇಟ್ಕೊಂಡು ಏನ್ಮಾಡ್ತಾನೆ ಪಾಪ. ವೀಸಾ ಅಪಾಯಿಂಟ್‌ಮೆಂಟೂ ಕ್ಯಾನ್ಸಲ್ ಮಾಡ್ಕೊಂಡೆ ಅಂದ. ನೀವು ಯಾವಾಗ ಹೊರಡ್ತಿದ್ದೀರಾ?" ಎಂದರು, ಹವಾಮಾನ ಕೇಳುವ ಹಾಗೆ. ನಾನು "ಹೌದೌದು, ಹೇಳಿದ್ದರು, ನಾನೇ ಮರೆತೆ" ಎಂದೆ. ನಿನ್ನ ಮಾನ ಉಳಿಸಲು ನಾನು ಹೇಳಿದ ಮೊದಲ ಸುಳ್ಳು ಅದು. ಆಮೇಲೆ ಅವರು ಸ್ಟೇಷನ್ನಿಗೂ ಕೈ ಹಾಕಿದರು. "ಇದೂ ಸೇರೇ ಮಾತಾಗಿರೋದು. ನೀವು ಮುಗಿಸ್ಲಿ ಅಂತಾನೇ ಇಷ್ಟು ದಿನ ಕಾದೆ. ಸೂಪರಾಗಿ ಮಾಡಿದ್ದೀರಾ ಬಿಡಿ."

ಅವತ್ತು ಸಂಜೆ ನಿನಗೆ ಫೋನು ಮಾಡಿದೆ. ಏನೂ ಗೊತ್ತಿಲ್ಲದವಳ ಹಾಗೆ, ನನಗೆ ಹೇಳುವಂಥದ್ದು ಏನಾದರೂ ಇದೆಯಾ ಎಂದು ಕೇಳಿದೆ. ನಿನಗೆ ನೆನಪಿರಬೇಕು. ನೀನು "ಏನಿಲ್ಲಲೇ... ಛಾವಣಿಗೆ ಇನ್ನೊಂದೀಟು ತುಕ್ಕ ಹಚ್ಚು, ಛಲೋ ಕಾಣ್ತದ" ಎಂದೆ. ಸಂತೋಷ್, ಬೆಂಗಳೂರು ಬೇಕು ಎಂದಿದ್ದರೆ ನಾನು ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಆಮೇಲೆ ಕಣ್ಣೊರೆಸಿಕೊಂಡು ಬೆಂಗಳೂರಿನಲ್ಲಿ ನನಗೆ ಯಾವ ಕೆಲಸ ಸಿಗುತ್ತದೆ ಎಂದು ಹುಡುಕಲು ಕೂರುತ್ತಿದ್ದೆ. ಅಷ್ಟು ಮರುಳಿ ನಾನು, ಅದು ನಿನಗೂ ಗೊತ್ತು. ನೀನು ಕೇಳಲೇ ಇಲ್ಲ. ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ನನ್ನ ಕೈಗೆ ಒಂದು ಸ್ಟೇಷನ್ನು ಕೊಟ್ಟೆ. ನಾನು ಕೂತು ಅದಕ್ಕೆ ಬಾಗಿಲು ಕೊಯ್ದೆ, ತುಕ್ಕು ಹಚ್ಚಿದೆ. ಆ ಗಿಲಕಿಯನ್ನೂ ಬೇರೆಯವರಿಗೆ ಕೊಡುತ್ತೇನೆಂದು ನೀನು ಆಗಲೇ ಮಾತು ಕೊಟ್ಟಿದ್ದೆ. ಎಲ್ಲಿ ಮಳೆ ಇಳಿಯುತ್ತದೆ, ಎಲ್ಲಿ ಕೈ ತಾಗುತ್ತದೆ ಎಂದು ಅಷ್ಟು ದೂರದಿಂದ ಹೇಳಬಲ್ಲವನಿಗೆ ನನಗೆ ಎಲ್ಲಿ ತಾಗುತ್ತದೆ ಎಂದು ಮಾತ್ರ ತಿಳಿಯಲಿಲ್ಲವೇ?

ರೈಲು, ಹಳಿ, ಸೇತುವೆ ಎಲ್ಲ ರಮೇಶ್ ಒಯ್ದರು. ಅವು ನಿನ್ನವು. ಸ್ಟೇಷನ್ನು ಕೊಡಲಿಲ್ಲ. "ಇದು ನನ್ನದು, ಇದರ ಬಗ್ಗೆ ಮಾತಾಡಲು ಸಂತೋಷ್‌ಗೆ ಅಧಿಕಾರವಿಲ್ಲ" ಎಂದೆ. ಅವರು ನನ್ನ ಮುಖ ನೋಡಿ ಕೈ ತೆಗೆದರು. ಖಾಲಿ ಗ್ಯಾರೇಜಿನಲ್ಲಿ ನಿಂತು ಸ್ವಿಚ್ಚಿನ ಸುತ್ತಲಿನ ಕಪ್ಪನ್ನು ಅದೇ ಸ್ಪಿರಿಟ್ಟಿನಿಂದ ಒರೆಸಿದೆ. ಒಂದೇ ಸಲಕ್ಕೆ ಹೋಯಿತು.

ಅತ್ತೆ ಮಾವನಿಗೆ, ಅಜ್ಜಿಗೆ ನನ್ನ ನಮಸ್ಕಾರ ಹೇಳು. ಅವರ ಮೇಲೆ ನನಗೆ ಬೇಸರವಿಲ್ಲ. ಬೆನ್ನಿಗೆ ಎಣ್ಣೆ ಹಚ್ಚಿಕೋ. ಬೈಯಲು ಕೂತ ಪತ್ರದಲ್ಲೂ ಇದನ್ನು ಬರೆಯುತ್ತೇನಲ್ಲ, ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಇನ್ನೂ ನಿನ್ನವಳೇ ಆದ,
ಸ್ನೇಹಲ್

ತಾ.ಕ.: ತಾಯಮ್ಮನನ್ನು ಏರ್‌ಪೋರ್ಟಿಗೆ ಬಿಡಲು ಜಯರಾಮ್ ಕಾರು ತೆಗೆದು ಹಾರ್ನ್ ಮಾಡುತ್ತಿದ್ದಾರೆ, ಮುಖ್ಯವಾದದ್ದು ಬರೆಯಲೇ ಇಲ್ಲ. ನಾನು ಕೆಲಸ ಬಿಟ್ಟು ಬೆಂಗಳೂರಿಗೆ ಬರುವುದಿಲ್ಲ. ಈ ಮನೆಯ ಬಾಡಿಗೆ ಕರಾರನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೇನೆ. ಡಬ್ಬಿಯಲ್ಲಿದ್ದ ಅಕ್ಕಿಯನ್ನು ನಿನ್ನೆ ಅನ್ನ ಮಾಡಿದೆ. ತಾಯಮ್ಮನೂ ನಾನೂ ಸಾರು ಕಲಸಿಕೊಂಡು ಉಂಡೆವು. "ಪಾಯ್ಸಕ್ಕೆ ಅಂತ ಮಡಗಿದ್ದಲ್ವವ್ವಾ?" ಎಂದು ಅವರು ಒಂದು ಸಲ ಕೇಳಿದರು, ಮತ್ತೆ ಕೇಳಲಿಲ್ಲ. ಡಬ್ಬಿ ಇದ್ದ ಜಾಗದಲ್ಲಿ ಈಗ ಸ್ಟೇಷನ್ನು ಇದೆ. ನಿನಗೆ ಬರುವ ಮನಸ್ಸಾದರೆ ಬಾ, ಬೆಲ್ ಒತ್ತಿ ಹೊರಗೆ ನಿಂತಿರು. ಈ ಸಲ ಲೋಟ ಒದ್ದು ಒಳಗೆ ಬರಬೇಕಾದವನು ನೀನು. ಅಕ್ಕಿಯನ್ನೂ ನೀನೇ ತಾ.