ಕುಡುಗೋಲಿಡುವ ಕಲ್ಲು

6 ಫೆಬ್ರುವರಿ 2024

ಬೆಳಗಿನ ಸುತ್ತು ಮುಗಿಸಿ ಬಂದೆ. ಗುಡ್ಡದ ಬುಡದ ಕಲ್ಲಿನ ಮೇಲೆ ಮೂರು ಕುಡುಗೋಲು, ಒಂದು ಕೊಡಲಿ. ಸರಿ. ಕಬ್ಬಿಣ ಆ ಕಲ್ಲು ದಾಟಬಾರದು — ಅತ್ತೆ ಹೇಳಿಕೊಟ್ಟದ್ದು, ಅವರಿಗೆ ಅವರ ಅತ್ತೆ. ಅದಕ್ಕೇ ಸುತ್ತಲಿನ ಗುಡ್ಡಗಳು ಕೆಂಪಗೆ ಬೋಳಾದರೂ ನಮ್ಮದರ ಮೇಲೆ ಮರಗಳಿವೆ. ಕೆಳಗೆ ಬಾವಿಯಲ್ಲಿ ನೀರಿದೆ.

ಸೊಸೆ ಸೌಜನ್ಯಳಿಗೆ ಏಳು ತಿಂಗಳು. ಕೂಸಿನ ಮೊದಲ ಜೋಲಿ ದೊಡ್ಡ ಕಮರ ಮರದ ಕೊಂಬೆಗೇ ಕಟ್ಟಬೇಕು. ಮಗ ಮುರುಗೇಶನನ್ನೂ ಅಲ್ಲೇ ತೂಗಿದ್ದು. ಹಳೇ ಸೀರೆ ಒಗೆದಿಟ್ಟಿದ್ದೇನೆ.

9 ಫೆಬ್ರುವರಿ

ಮುರುಗೇಶ ಇಬ್ಬರನ್ನು ಕರೆತಂದ. ಮೈನ್ಸ್‌ನಲ್ಲಿ ಸೂಪರ್‌ವೈಸರ್ ಅಲ್ಲವೇ, ನಾಲ್ಕು ಜನ ಮಾತು ಕೇಳುತ್ತಾರೆ.

"ಗಿಡ ಎಣಿಸಾಕ ಬಂದಾರ ಯವ್ವಾ. ನಂಬರ್ ಬಿದ್ರ ಯಾರೂ ಮುಟ್ಟಂಗಿಲ್ಲ. ನಿನ್ನಷ್ಟು ಯಾರಿಗೆ ಗೊತ್ತೈತಿ?"

"ಮೊಳೆ ಹೊಡ್ಯಂಗಿಲ್ಲ ನೋಡು."

"ಪೇಂಟ್ ಅಷ್ಟ."

ಬೈಕಿನ ಕೀಲಿಯನ್ನೂ ಕಲ್ಲಿನ ಮೇಲಿಟ್ಟು ಹತ್ತಿದ. ನನ್ನ ಮಗ!

ಮಧ್ಯಾಹ್ನದವರೆಗೂ ಮುಂದೆ ನಡೆದೆ. ಬಂಡೆಯ ಹಿಂದಿನ ಬೇವು ಬಿಟ್ಟಿದ್ದರು. "ಕಣ್ಣು ಎಲ್ಲಿಟ್ಟೀರಿ?" ಎಂದು ಗದರಿ ತೋರಿಸಿದೆ. ಒಟ್ಟು 214. ಕೊನೆಗೆ ಸಹಿ ಕೇಳಿದರು. ಪೂರ್ತಿ ಹೆಸರು ಬರೆದೆ, ದುಂಡಗೆ. ಎಸ್ಸೆಸ್ಸೆಲ್ಸಿ ಪಾಸಾದವಳು... ಹೆಬ್ಬೆಟ್ಟು ಯಾಕೆ?

12 ಮಾರ್ಚ್

ಬಾವಿಯ ಹತ್ತಿರ ಕುರಿ ಕಾಯುವ ಜಂಬಯ್ಯ ಸಿಕ್ಕ.

"ಲಾರಿ ರೋಡಿಗೆ ಗುಡ್ಡದ ಗಿಡ ಕಡೀತಾರಂತಲ್ರಿ, ಅಮ್ಮಾರ. ನಮ್ ಕುಡುಗೋಲು ಕಲ್ಲಿನ ಮ್ಯಾಲೆ ಇಡಿಸಿ, ನೀವ ಮುಂದ ನಿಂತು ತೋರ್ಸೀರಂತ?"

"ನಾಲಿಗಿ ಬಿಗಿ ಹಿಡಿ!" ಎಂದೆ.

ಪಂಚಾಯ್ತಿಗೆ ಹೋದೆ. ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಕಡಿಯಬೇಕಾದ ಮರಗಳು, 214. ಒಂದನೇ ನಂಬರ್ ದೊಡ್ಡ ಕಮರ. ಬಂಡೆಯ ಹಿಂದಿನ ಬೇವೂ ಇದೆ. ಕೆಳಗೆ, ಸ್ಥಳ ತೋರಿಸಿದವರು — ನನ್ನ ದುಂಡಗಿನ ಅಕ್ಷರ.

ಓದು ಬಾರದಿದ್ದರೆ ಚೆನ್ನಾಗಿತ್ತು.

ಅದೇ ದಿನ, ಸಂಜೆ

ಊಟಕ್ಕೆ ಕುಳಿತ ಮುರುಗೇಶನನ್ನು ಕೇಳಿದೆ. ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿದ್ದೆನೇನೋ.

"ಇವತ್ತಲ್ಲ ನಾಳೆ ಕಡಿಯಾವೇ, ಯವ್ವಾ. ನೀ ತೋರಿಸಿದ್ರ ಊರಾಗ ಯಾರೂ ತಕರಾರು ಮಾಡಲ್ಲ ಅಂತ..."

"ನಿನ್ನ ಕೂಸಿನ ಜೋಲಿ ಎಲ್ಲಿ ಕಟ್ಟಲಿ?"

"ಸ್ಟ್ಯಾಂಡ್ ಇರೋ ತೊಟ್ಲಾ ತರ್ತೀನಿ. ಕಬ್ಬಿಣದ್ದು. ಗಟ್ಟಿ ಇರ್ತೈತಿ."

ಬಡಿಸುತ್ತಿದ್ದ ಸೌಜನ್ಯ ಸೌಟು ಕೆಳಗಿಟ್ಟು ಒಳಗೆ ಹೋದಳು. ನಾನೂ ಎದ್ದೆ. ತಾನೇ ಬಡಿಸಿಕೊಂಡು ಉಂಡ.

18 ಮಾರ್ಚ್, ಬೆಳಿಗ್ಗೆ 7

ಕಲ್ಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಜೋಲಿಯ ಸೀರೆ ಮಡಿಲಲ್ಲಿದೆ. ಮರ ಕೆಡವುವ ಮೆಷಿನ್ ಬಂದು ಎದುರಿಗೆ ನಿಂತಿದೆ. ಮುರುಗೇಶ ಬೈಕಿನಿಂದ ಇಳಿದ.

"ಏಳು ಯವ್ವಾ. ಮಂದಿ ನೋಡಾಕತ್ತಾರ."

"ನೋಡ್ಲಿ. ಕೀಲಿ ಇಲ್ಲಿಡು. ಅವತ್ತ ಇಟ್ಟಿದ್ದಿಯಲ್ಲ, ಹಂಗ. ಮೆಷಿನ್ ಕೀಲೀನೂ ಇಡು."

ಕೀಲಿ ಹಿಡಿದ ಕೈ ಜೇಬಿನೊಳಗಿದೆ. ಮುಖ ಎತ್ತುತ್ತಿಲ್ಲ. ಕೈಯೂ ಇನ್ನೂ ಹೊರಗೆ ಬಂದಿಲ್ಲ.