ನನ್ನ ಶಿವಾಗ ಅವಸರಿಲ್ಲ

ಹುಬ್ಬಳ್ಳಿ
೬ ಮಾರ್ಚ್ ೧೯೬೩

ಪ್ರೀತಿಯ ಅಪ್ಪನಿಗೆ,

ತೀರ್ಥರೂಪ ಎಂದು ಶುರು ಮಾಡಿದರೆ ತೀರ್ಥ-ದೇವರು ಒಲ್ಲದ ನೀವು ಕೆಂಪು ಮಸಿಯಿಂದ ತಿದ್ದಿ ವಾಪಸು ಕಳಿಸುವ ಪೈಕಿ. ಅದಕ್ಕೇ ಬರೀ ಪ್ರೀತಿ. ಇಷ್ಟು ದಿನ ಬರೆಯಲಿಲ್ಲ, ಸಿಟ್ಟಾಗಬೇಡಿ. ಎಂಟು ತಿಂಗಳ ಹೊಟ್ಟೆ ಹೊತ್ತು ಮೇಜಿನ ಹತ್ತಿರ ಕೂತರೆ ಕೈ ಕಾಗದಕ್ಕೆ ಮುಟ್ಟುವುದೇ ಇಲ್ಲ. ನಿಮ್ಮ ಅಳಿಯ ಅರಳೆ ಅಂಗಡಿಯಲ್ಲಿ ಮುಳುಗಿದ್ದಾರೆ. ಸಂಜೆ ಮನೆಗೆ ಬರುವಾಗ ಮೀಸೆಯ ತುಂಬ ಹತ್ತಿಯ ಎಳೆ.

ನಿಮಗೆ ಬೇಕಾದ ಸುದ್ದಿ ಒಂದೇ ಎಂದು ಗೊತ್ತು. ಮಗಳು ಲಿಂಗ ಕಟ್ಟಿಸಿಕೊಂಡಳೋ ಇಲ್ಲವೋ? ಈ ಮನೆಯಲ್ಲಿ ಎಂಟನೇ ತಿಂಗಳಿಗೆ ಅಯ್ಯನವರನ್ನು ಕರೆಸಿ, ಹೊಟ್ಟೆಯ ಕೂಸಿನ ಹೆಸರಿನಲ್ಲಿ ತಾಯಿಯ ಕೊರಳಿಗೆ ಲಿಂಗ ಕಟ್ಟಿಸುತ್ತಾರೆ. ನಮ್ಮ ರಜಿಸ್ಟರ್ ಮದುವೆಯನ್ನು ಹೇಗೋ ನುಂಗಿಕೊಂಡ ಅತ್ತೆ ಶಿವಬಸವ್ವ ಇದನ್ನು ನುಂಗಲಾರರು ಎಂದು ನನಗೆ ಭಯ. ಒಲ್ಲೆ ಅಂದರೆ ಅವರನ್ನು ಕಳೆದುಕೊಳ್ಳುತ್ತೇನೆ, ಹೂಂ ಅಂದರೆ ನಿಮ್ಮನ್ನು.

ಆದರೂ ಹೇಳಿಬಿಟ್ಟೆ. "ಅತ್ತೀ, ನನಗ ನಂಬಿಕಿ ಇಲ್ರಿ. ಸುಮ್ಮನ ಕಟ್ಟಿಸ್ಕೊಂಡ್ರ ನಿಮಗ ಮೋಸ ಮಾಡಿದಂಗ." ಎರಡು ದಿನ ಅವರು ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಯಿತು.

ಸೋಮವಾರ ಲಿಂಗ ಕಟ್ಟಲು ಅಯ್ಯನವರು, ಶಾಂತಯ್ಯನವರು, ಬಂದೇಬಂದರು. ನಾನು ಮನಸ್ಸಿನಲ್ಲೇ ಒಂದು ಭಾಷಣ ಉರುಹೊಡೆಯುತ್ತಿದ್ದೆ. ಅತ್ತೆ ನನ್ನನ್ನು ದಾಟಿ ಹೋಗಿ, ನನಗೆಂದು ಹಾಕಿದ್ದ ಮಣೆಯ ಮೇಲೆ ತಾವೇ ಕೂತರು.

"ಅಯ್ಯಾರ, ಕೂಸಿನ ಹೆಸರ್ಲೆ ನನಗ ಕಟ್ರಿ."

ಅಯ್ಯನವರು ಕಣ್ಣರಳಿಸಿದರು. "ಯವ್ವಾ, ಕೂಸು ಆಕಿ ಹೊಟ್ಯಾಗೈತಿ. ನಿನಗ ಹೆಂಗ ಕಟ್ಟಲಿ?"

"ಹೊಟ್ಟಿ ಆಕೀದು, ಮೊಮ್ಮಗಾ ನಂದಲ್ಲೇನ್ರಿ? ಅದಕ್ಕ ತಿಳುವಳಿಕಿ ಬರೂತನಾ ನಾ ಇಟ್ಕೋತೇನಿ. ಬೇಕನಿಸಿದ್ರ ಅದ ಕೇಳಿ ಇಸ್ಕೊಳ್ಳಲಿ. ಆಕಿಗೆ ಒತ್ತಾಯ ಮಾಡೂದು ಬ್ಯಾಡ. ಲಗೂ ಕಟ್ರಿ, ಹೋಳಿಗಿ ಆರಾಕತ್ತಾವು."

"ಹಿಂಗ ಎಲ್ಲೂ ಕೇಳಿಲ್ಲವಾ" ಎಂದು ಅಯ್ಯನವರು ತಲೆ ಕೆರೆದುಕೊಂಡರು. ಅತ್ತೆಯ ಮುಖ ನೋಡಿದರೋ, ಹೋಳಿಗೆಯ ವಾಸನೆ ಹಿಡಿದರೋ, ಗೊಳ್ಳೆಂದು ನಕ್ಕು ಕಟ್ಟಿಯೇಬಿಟ್ಟರು. ನಾನು ನಗುತ್ತಾ ಅಳುತ್ತಾ ಅತ್ತೆಯ ಪಕ್ಕದಲ್ಲೇ ಕೂತೆ.

ಈಗ ಅತ್ತೆಯ ಎದೆಯ ಮೇಲೆ ಎರಡು ಲಿಂಗ, ಪೂಜೆಯೂ ಎರಡು ಪಾಲು. ಅದು ಮುಗಿಯದೆ ಮನೆಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ; ನನಗೆ ಮಾತ್ರ ರಿಯಾಯಿತಿ. "ನನ್ನ ಶಿವಾಗ ಅವಸರಿಲ್ಲ, ನೀ ಉಣ್ಣು" ಎಂದು ಬಿಸಿ ರೊಟ್ಟಿ ಬಡಿಸಿ, ಆಮೇಲೆ ಕಣ್ಣು ಮುಚ್ಚುತ್ತಾರೆ. ನಾನೂ ಬೆಳಿಗ್ಗೆ ಹಿತ್ತಲಿನ ಬಿಲ್ವಪತ್ರಿ ಕೊಯ್ದು ಕೊಡುತ್ತೇನೆ. ಗಾಬರಿಯಾಗಬೇಡಿ, ಶಿವನಿಗಲ್ಲ, ಮೊಣಕಾಲು ನೋವಿನ ಅತ್ತೆಗೆ. ನಿನ್ನೆ ಕೆಣಕಿದೆ: "ದೇವರಿಲ್ಲನ್ನಾಕಿ ತಂದ ಪತ್ರಿ ಶಿವಾ ಮುಟ್ಟತಾನೇನ್ರಿ?" ಅವರು ತಲೆ ಎತ್ತದೆ, "ಅಂವ ಯಾರು ತಂದ್ರಂತ ಕೇಳೂದಿಲ್ಲ. ನೀ ಕಾಲ ಜಾರಿ ಬಿದ್ದೀ, ಹುಷಾರ" ಅಂದರು.

ಅಪ್ಪಾ, ನಾನು ಸುಖವಾಗಿದ್ದೇನೆ. ಅತ್ತೆ ಬೀಗರಿಗೆ ಶರಣು ಹೇಳಿದ್ದಾರೆ. ಶಿವ ನಿಮಗೆ ನೂರು ವರ್ಷ ಕೊಡಲಿ ಎಂದೂ ಬರೆಸಿದರು. ಬೇಡವಾದರೆ ಶಿವನನ್ನು ಬಿಟ್ಟು ನೂರು ವರ್ಷ ಮಾತ್ರ ಇಟ್ಟುಕೊಳ್ಳಿ.

ನಿಮ್ಮ ಮಗಳು,
ರತ್ನಾ

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ. ಹೋದ ತಿಂಗಳು ನನ್ನ ಕುಬಸದ ದಿನ, ಬಸುರಿ ಮಗಳಿಗೆ ತವರಿನವರು ಸೀರೆ ತರಬೇಕಾದ ದಿನ, ನಿಮ್ಮನ್ನು ಕರೆಯಲು ಅತ್ತೆ ಮುಂಚೆಯೇ ಧಾರವಾಡಕ್ಕೆ ಬಂದಿದ್ದರು. ಇಂಥ ಆಚಾರಕ್ಕೆಲ್ಲ ಬರುವುದಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದಿರಂತೆ. ನಿಮ್ಮ ಅಳಿಯ ಮೊನ್ನೆ ಹೇಳಿದರು. ಅವ್ವ ಇದ್ದಿದ್ದರೆ ನಿಮ್ಮನ್ನು ಎಳೆದುಕೊಂಡು ಬರುತ್ತಿದ್ದಳು. ಹೆಂಗಸರೆಲ್ಲ ತವರಿನ ಸೀರೆಗೆ ಕಾಯುತ್ತ ಕೂತಾಗ, "ಬೀಗರಿಗೆ ಜ್ವರಾ ಬಂದಾವ್ರಿ" ಎಂದು ಅತ್ತೆ ಸುಳ್ಳು ಹೇಳಿದರು. ಕೊನೆಗೆ ಪಕ್ಕದ ಮನೆಯ ರೆಹಮತ್‌ಬಿ ತಮ್ಮ ಪೆಟ್ಟಿಗೆಯಿಂದ ಹಸಿರು ಸೀರೆ ತಂದು, "ನಾನ ಇಕಿ ತವರು" ಎಂದು ನನ್ನ ಉಡಿ ತುಂಬಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಯ ಸೆರಗಿನಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ನಿಮಗೆ ದೇವರಿಲ್ಲ, ನನಗೂ ಇಲ್ಲ. ಮಗಳಿದ್ದಾಳಲ್ಲ, ಅಪ್ಪಾ?