ಅಮ್ಮ ಹೇಳಿದ್ರೆ ಹೋಗ್ತೀನಿ

ಅಕ್ಸೋರ್
ಬುಧವಾರ, ಅಕ್ಟೋಬರ್ 15, 1997

ಮಕ್ಕಳ ಅಪ್ಪನಿಗೆ ಉರ್ಕಿಯಾ ಮಾಡುವ ಸಲಾಮು. ಅತ್ತೆಯವರಿಗೆ ಮಂಡಿ ಬಾಗಿಸಿ ಸಲಾಮು ಹೇಳಿದ್ದೇನೆಂದು ತಿಳಿಸಿ.

ತಲುಪಿದ ದಿನವೇ ಕಾಗದ ಬರೆಯುತ್ತೇನೆ ಎಂದು ಹೇಳಿ ಹೊರಟವಳು ನಾನೇ. ವಾರವಾದರೂ ಒಂದಕ್ಷರ ಬರಲಿಲ್ಲವೆಂದು ಸಿಟ್ಟಾಗಿರುತ್ತೀರಿ. ಏನು ಮಾಡಲಿ, ಇಲ್ಲಿ ಅಂಚೆ ಕಚೇರಿಯ ಬಾಗಿಲನ್ನೇ ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಇವತ್ತು ಬೆಳಿಗ್ಗೆ ನಮ್ಮೂರಿನ ಲಾರಿ ಡ್ರೈವರ್ ಓರಾಜ್‌ಬಾಯ್ ಪುಣ್ಯಕ್ಕೆ ಕಣ್ಣಿಗೆ ಬಿದ್ದ. ಊಟ ಮಾಡಿ ಊರಿನ ಕಡೆ ಹೊರಡುತ್ತಾನಂತೆ. ಅವನ ಊಟ ಮುಗಿಯುವುದರೊಳಗೆ ಬರೆದು ಮುಗಿಸಬೇಕು. ಅಕ್ಷರ ಸೊಟ್ಟಗಿದ್ದರೆ ಜೌರೆಶ್ ಹೇಗೋ ಕೂಡಿಸಿಕೊಂಡು ಓದಲಿ.

ನಿಮ್ಮ ಕಾಲು ಹೇಗಿದೆ? ಕಟ್ಟು ಬಿಚ್ಚುವವರೆಗೆ ಕುದುರೆಯ ಹತ್ತಿರ ಸುಳಿಯಬೇಡಿ ಎಂದು ಬಡಿದುಕೊಂಡಿದ್ದೆ. ಸುಳಿದಿದ್ದೀರಿ ಎಂದು ನನಗೆ ಗೊತ್ತು. ಜೌರೆಶ್, ಮಗಳೇ, ಈ ಸಾಲನ್ನು ನಿಮ್ಮಪ್ಪನಿಗೆ ಇನ್ನೊಂದು ಸಲ ಗಟ್ಟಿಯಾಗಿ ಓದು.

ಈಗ ಅತ್ತೆಯವರು ಉಸಿರು ಹಿಡಿದು ಕಾಯುತ್ತಿರುವ ಸುದ್ದಿ. ಕೆಂಜೆ ಸಿಕ್ಕಿದ. ಜೀವಂತವಾಗಿದ್ದಾನೆ. ಅವರ ಮುದ್ದಿನ ಕಿರಿಮಗನಿಗೆ ನನ್ನನ್ನು ಗೇಲಿ ಮಾಡುವಷ್ಟು ತ್ರಾಣ ಇನ್ನೂ ಇದೆ. ಆದರೆ ಆಸ್ಪತ್ರೆಯಲ್ಲಿದ್ದಾನೆ, ಮೈಯಲ್ಲಿ ಹುಷಾರಿಲ್ಲ. ಮುಚ್ಚಿಟ್ಟು ಬರೆಯುವುದು ನನ್ನಿಂದಾಗದು, ಎಲ್ಲವನ್ನೂ ಹೇಳುತ್ತೇನೆ. ಅತ್ತೆಯವರು ಮೊದಲು ಒಂದು ಗುಟುಕು ಚಹಾ ಕುಡಿಯಲಿ.

ನಾನು ಬಂದಿಳಿದಾಗ ಸೈನ್ಯ ಬಿಟ್ಟುಹೋದ ಈ ಊರಿನಲ್ಲಿ ಯಾರನ್ನು ಕೇಳುವುದೆಂದೇ ತಿಳಿಯಲಿಲ್ಲ. ಐದೈದು ಮಹಡಿಯ ಮನೆಗಳು ಸಾಲಾಗಿ ನಿಂತಿವೆ, ಒಂದಕ್ಕೂ ಕಿಟಕಿಯಿಲ್ಲ. ಮೆಟ್ಟಿಲ ಬುಡದಲ್ಲಿ ಒಂಟೆಗಳು ಮಲಗಿವೆ. ಚೌಕದ ನಡುವೆ ಮಾತ್ರ ಸ್ಮಾರಕವೆಂದು ನಿಲ್ಲಿಸಿದ ಬಿಳಿ ರಾಕೆಟ್ಟು ಇವತ್ತಿಗೂ ಆಕಾಶ ನೋಡಿಕೊಂಡು ನಿಂತಿದೆ, ಅದನ್ನು ಮಾರಿಕೊಳ್ಳಲು ಯಾರಿಗೂ ಧೈರ್ಯ ಬಂದಿಲ್ಲ. ಅದರ ನೆರಳಿನಲ್ಲಿ ಗ್ಲಾಫೀರಾ ಅನ್ನುವ ರಷ್ಯನ್ ಮುದುಕಿಯೊಬ್ಬಳು ಸೂರ್ಯಕಾಂತಿ ಬೀಜ ಮಾರುತ್ತಾ ಕೂತಿದ್ದಳು. ಸೈನ್ಯ ಇದ್ದಾಗ ಅವರ ಅಡುಗೆಮನೆಯಲ್ಲಿ ಇದ್ದವಳು. ಸೈನ್ಯ ಹೋಯಿತು, ಇವಳು ಹೋಗಲಿಲ್ಲ.

"ಹುಡುಗನ್ನ ಹುಡುಕ್ಕೊಂಡು ಬಂದ್ಯಾ? ಇಲ್ಲಿಗೆ ಬರೋರೆಲ್ಲ ಅದಕ್ಕೇ ಬರೋದು" ಎಂದಳು. "ನಿಮ್ಮ ಹುಡುಗ್ರಿಗೆ ಮರಳಲ್ಲಿ ಒಂದು ಲೋಹದ ಚೂರು ಕಂಡ್ರೆ ಸಾಕು, ಕಳೆದುಹೋದ ಕುರಿಮರಿ ಸಿಕ್ಕಿದಂಗೆ ಎದೆಗವಚಿಕೊಂಡು ಬರ್ತಾರೆ."

"ನಿಮ್ಮೋರ ರಾಕೆಟ್ಟು ನಮ್ಮ ಮೇವಿನ ಬಯಲಲ್ಲಿ ಬಿದ್ದಿದ್ದಲ್ವಾ" ಎಂದೆ. ಹಸಿವು, ದಣಿವು, ಭಯ, ಎಲ್ಲ ಸೇರಿ ಬಾಯಿ ಜೋರಾಗಿಬಿಟ್ಟಿತ್ತು.

"ನಾನು ಹಾರಿಸಿಲ್ಲ ತಾಯಿ, ನಾನು ಸಾರು ಕಾಯಿಸ್ತಿದ್ದೆ" ಎಂದು ಬೀಜದ ಬುಟ್ಟಿ ಎತ್ತಿಕೊಂಡು ಎದ್ದಳು. ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳ ಮನೆಯಲ್ಲೇ ಇದ್ದೇನೆ. ಒಳ್ಳೆಯ ಹೆಂಗಸು, ಆದರೆ ಚಹಾಕ್ಕೆ ಹಾಲು ಹಾಕುವುದಿಲ್ಲ.

ಆದದ್ದು ಇಷ್ಟು. ಕೆಂಜೆ ಮತ್ತು ಅವನ ಜೊತೆಗಾರ ಸೆಯಿಲ್ ಮಾರಲು ಲೋಹ ಹುಡುಕಿಕೊಂಡು ಮರಳುಗಾಡಿನ ಒಳಗೆ, ಹಳೇ ಕಾಲದಲ್ಲಿ ರಾಕೆಟ್ಟುಗಳು ಬೀಳುತ್ತಿದ್ದ ಕಡೆ ಹೋಗಿದ್ದಾರೆ. ಸುತ್ತಮುತ್ತ ಬಿದ್ದದ್ದನ್ನೆಲ್ಲ ಜನ ಎಂದೋ ಕತ್ತರಿಸಿ ಮಾರಿಕೊಂಡಾಗಿದೆ. ಇವರಿಗೆ ಅರ್ಧ ಹೂತುಹೋಗಿದ್ದ ಒಂದು ಇಡೀ ರಾಕೆಟ್ಟೇ ಸಿಕ್ಕಿದೆ. ಯಾಕೆ ಇಡಿಯಾಗಿದೆ ಎಂದು ಯೋಚಿಸಬೇಕೋ ಬೇಡವೋ? ಅದು ಉರಿಯದೆ ಬಿದ್ದದ್ದು, ಒಳಗೆ ಇಂಧನ ಹಾಗೇ ಇತ್ತು. ಸೆಯಿಲ್ ಕೊಡಲಿಯಲ್ಲಿ ಹೊಡೆದನಂತೆ. ಕೊಳೆತ ಮೀನಿನ ವಾಸನೆ ಬಂತಂತೆ, ಹಿಂದೆಯೇ ಹಳದಿ ಹೊಗೆ. ನಮ್ಮವನು ಗಾಳಿಗೆ ಬೆನ್ನು ಮಾಡಿ ದೂರದಲ್ಲಿ ನಿಂತಿದ್ದ. ಓಡಿಹೋಗದೆ, ಹೊಗೆಯೊಳಗೆ ನುಗ್ಗಿ ಗೆಳೆಯನನ್ನು ಎಳೆದು ತಂದಿದ್ದಾನೆ. ಬೈಯಬೇಕೋ ಹೊಗಳಬೇಕೋ ನನಗೆ ಇನ್ನೂ ತಿಳಿದಿಲ್ಲ, ಸದ್ಯಕ್ಕೆ ಬೈದಿದ್ದೇನೆ.

ಸೆಯಿಲ್‌ನನ್ನು ಕರಗಂಡದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವನು ಅಲ್ಲೇ ತೀರಿಕೊಂಡ. ಅವನ ತಾಯಿಗೆ ದೇವರು ಸಹನೆ ಕೊಡಲಿ.

ವಾರ್ಡಿನ ಬಾಗಿಲಲ್ಲಿ ನನ್ನನ್ನು ಕಂಡಕೂಡಲೇ ಕೆಂಜೆ, "ಅತ್ತಿಗೆ, ನೀನ್ಯಾಕೆ ಬಂದೆ? ಕುರಿ ಯಾರು ನೋಡ್ಕೊಳ್ತಾರೆ?" ಎಂದ.

"ಕುರಿಗಳಿಗೆ ನಿನಗಿಂತ ಬುದ್ಧಿ ಇದೆ, ತಮ್ಮಾ" ಎಂದೆ. ನಗಲು ಹೋದವನು ಕೆಮ್ಮತೊಡಗಿದ, ಆ ಕೆಮ್ಮು ನಿಲ್ಲಲೇ ಇಲ್ಲ. ಕಣ್ಣಿನ ಬಿಳಿ ಭಾಗ ಹಳದಿಯಾಗಿದೆ. ಹಾಸಿಗೆಯಿಂದ ಕಿಟಕಿಯವರೆಗೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಾನೆ. ಅತ್ತೆಯವರು ಕಟ್ಟಿಕೊಟ್ಟ ಕುರಿಬಾಲದ ಕೊಬ್ಬನ್ನು ಎದೆಗೆ ತಿಕ್ಕಿದೆ. ಕುರ್ತ್ ಉಂಡೆಗಳನ್ನು ಮಾತ್ರ ಡಾಕ್ಟರು ಕಿತ್ತಿಟ್ಟುಕೊಂಡರು, ಅಷ್ಟು ಉಪ್ಪಿನ ಒಣ ಮೊಸರು ಈಗ ಇವನಿಗೆ ಆಗದಂತೆ. ಒಂಟೆ ಹಾಲು ಕೊಡಬಹುದು ಎಂದರು, ದಿನವೂ ಹುಡುಕಿ ತಂದು ಕುಡಿಸುತ್ತಿದ್ದೇನೆ.

ಡಾಕ್ಟರ ಹೆಸರು ಹೆಗಾಯ್, ಕೊರಿಯನ್ನರು, ನಮ್ಮ ಭಾಷೆಯನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಾರೆ. "ನೀವು ಇವನಿಗೆ ಏನಾಗಬೇಕು?" ಎಂದು ಕೇಳಿದರು. ಅತ್ತಿಗೆ ಎಂದೆ.

"ತಾಯಿ ಬರ್ಲಿಲ್ವಾ?"

"ತಾಯಿಗೆ ತುಂಬಾ ವಯಸ್ಸಾಗಿದೆ, ಡಾಕ್ಟ್ರೇ. ಇಷ್ಟು ದೂರ ಆಗಲ್ಲ."

ಅವರು ಹೇಳಿದರು: "ನೋಡಮ್ಮಾ, ಶ್ವಾಸಕೋಶ, ಯಕೃತ್ತು ಎರಡಕ್ಕೂ ಪೆಟ್ಟಾಗಿದೆ. ಇಲ್ಲಿ ನನ್ನ ಹತ್ರ ಮಂಚ ಇದೆ, ಗ್ಲೂಕೋಸ್ ಇದೆ, ಅಷ್ಟೇ. ಕರಗಂಡಕ್ಕೆ ಹೋದ್ರೆ ಉಳೀತಾನೆ ಅಂತ ನನಗೆ ನಂಬಿಕೆ. ಸೆಯಿಲ್‌ಗೆ ಆದಷ್ಟು ಇವನಿಗೆ ಆಗಿಲ್ಲ. ಶುಕ್ರವಾರ ಬೆಳಿಗ್ಗೆ ಆಂಬುಲೆನ್ಸು ರೈಲು ನಿಲ್ದಾಣಕ್ಕೆ ಹೋಗುತ್ತೆ. ಅದು ತಪ್ಪಿದ್ರೆ ಮುಂದಿನ ಪೆಟ್ರೋಲು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಆದ್ರೆ ಇವನು ಒಪ್ಪುತ್ತಾ ಇಲ್ಲ. ಕೈಕಾಲು ಕಟ್ಟಿ ಗಾಡಿಗೆ ಹಾಕೋಕೆ ನನ್ನಿಂದಾಗಲ್ಲ, ನೀವೇ ಒಪ್ಪಿಸಿ."

ಒಪ್ಪಿಸುವುದು ಎಲ್ಲಿಂದ? ನಿಮ್ಮ ಮನೆತನದ ಹಟ ನಿಮಗೇ ಗೊತ್ತಲ್ಲ. ಬೈದೆ, ಕಣ್ಣೀರಿಟ್ಟೆ, ಜೌರೆಶ್ ಅಳುತ್ತಾಳೆ ಎಂದೆ. ಗೋಡೆಯ ಕಡೆ ತಿರುಗಿ ಮಲಗಿ, "ಸೆಯಿಲ್ ಕೂಡ ಅದೇ ಗಾಡಿ ಹತ್ತಿ ಹೋದ, ಅತ್ತಿಗೆ. ಕಂಬಳಿ ಸುತ್ತಿ ವಾಪಸ್ ತಂದ್ರು" ಎಂದ.

"ಹಾಗಂತ ಇಲ್ಲೇ ಮಲಗಿರ್ತೀಯಾ?"

ಗೋಡೆ ನೋಡುತ್ತಲೇ ಹೇಳಿದ: "ಅಮ್ಮ ಹೇಳಿದ್ರೆ ಹೋಗ್ತೀನಿ. ಮನೆಯಿಂದ ಹೊರಡುವಾಗ್ಲೂ ಅಮ್ಮನ ಆಶೀರ್ವಾದ ತಗೊಂಡಿರ್ಲಿಲ್ಲ. ಬೇಡ ಅಂತಾಳೆ ಅಂತ ಹೇಳದೆ ಬಂದುಬಿಟ್ಟೆ. ಅದಕ್ಕೇ ಹಿಂಗಾಯ್ತು. ಇನ್ನೊಂದ್ಸಲ ಹಂಗೆ ಹೊರಡಲ್ಲ."

ಅತ್ತೆಯವರೇ, ಇದು ನಿಮಗೆ. ದಾರಿ ಹೊರಡುವವನಿಗೆ ಹಿರಿಯರ ಆಶೀರ್ವಾದ ಇಲ್ಲದೆ ನಾವು ಯಾರೂ ಹೊಸಿಲು ದಾಟುವವರಲ್ಲ, ಅವನು ಹೇಳುವುದರಲ್ಲಿ ತಪ್ಪಿಲ್ಲ. ಅವನ ಮೇಲೆ ಸಿಟ್ಟಿದ್ದರೆ ಆಮೇಲೆ ತೀರಿಸಿಕೊಳ್ಳಿ, ಕೋಲು ನಾನೇ ತಂದು ಕೊಡುತ್ತೇನೆ. ಈಗ ಅಂಗೈ ಬಿಚ್ಚಿ ನಾಲ್ಕು ಒಳ್ಳೆಯ ಮಾತು ಹೇಳಿ. ಓರಾಜ್‌ಬಾಯ್ ಅದನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡು ಗಾಡಿ ಹೊರಡುವ ಮುನ್ನ ಇಲ್ಲಿ ಬಂದು ಹೇಳಲಿ.

ಇನ್ನೊಂದು ಮಾತು, ಮಕ್ಕಳ ಅಪ್ಪಾ. ಮೋಟಾರ್‌ಸೈಕಲ್ ಸಿಪಾಯಿ ಬಂದು "ನಾಳೆ ರಾಕೆಟ್ಟು ಬೀಳುತ್ತೆ, ಬಯಲು ಖಾಲಿ ಮಾಡಿ" ಎಂದು ಕೂಗಿ ಹೋಗುತ್ತಿದ್ದ ಕಾಲದಲ್ಲಿ ನಾವು ಒಂದು ದಿನವಾದರೂ ಖಾಲಿ ಮಾಡಿದೆವಾ? ಕೊಟ್ಟಿಗೆಯ ಸೂರು ಹತ್ತಿ ತಮಾಷೆ ನೋಡಿದೆವು. ಬಿದ್ದದ್ದನ್ನು ಸಿಪಾಯಿಗಳಿಗಿಂತ ಮೊದಲೇ ಹೋಗಿ ಕತ್ತರಿಸಿ ತಂದೆವು. ನಮ್ಮ ಕುರಿಗಳ ನೀರಿನ ತೊಟ್ಟಿ ಅದೇ ತಗಡು, ಜೌರೆಶ್ ಮಂಜಿನಲ್ಲಿ ಜಾರುತ್ತಿದ್ದ ಬಂಡಿ ಅದೇ, ಅತ್ತೆಯವರು ಹಾಲು ಕಾಯಿಸುವ ಪಾತ್ರೆಯೂ ಅದೇ. ಹಗುರ, ತುಕ್ಕು ಹಿಡಿಯುವುದಿಲ್ಲ ಎಂದು ನೆರೆಹೊರೆಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಡಾಕ್ಟರನ್ನು ಕೇಳಿದೆ. "ಇಷ್ಟು ವರ್ಷ ಏನೂ ಆಗಿಲ್ಲ ಅಂದ್ರೆ ಆಗ್ಲಿಕ್ಕಿಲ್ಲ" ಎಂದರು, ಆದರೆ ನನ್ನ ಮುಖ ನೋಡದೆ ಹೇಳಿದರು. ನನಗೆ ಸಮಾಧಾನವಿಲ್ಲ. ಆ ಪಾತ್ರೆಯನ್ನು ಇವತ್ತೇ ಎತ್ತಿಡಿ, ಕುರಿಗಳನ್ನು ಬಾವಿಯ ಹತ್ತಿರವೇ ಹೊಡೆದುಕೊಂಡು ಹೋಗಿ ನೀರು ಕುಡಿಸಿ. ನೀವು ಹೋಗಬೇಡಿ, ಪಕ್ಕದ ಮನೆಯವರನ್ನು ಕೇಳಿ.

ಜೌರೆಶ್, ಅಜ್ಜಿಗೆ ಔಷಧಿ ತಪ್ಪಿಸಬೇಡ. ದನಿ ನಡುಗಿಸದೆ ಓದು, ಇಲ್ಲದಿದ್ದರೆ ಅವರು ಹೆದರುತ್ತಾರೆ. ಅತ್ತೆಯವರ ಆಯುಸ್ಸು ಗಟ್ಟಿಯಾಗಿರಲಿ, ನಿಮ್ಮ ಕಾಲು ಬೇಗ ನೆಲ ಮೆಟ್ಟಲಿ, ಮನೆಯ ಒಲೆ ಆರದಿರಲಿ. ಓರಾಜ್‌ಬಾಯ್‌ಗೆ ಹೊಟ್ಟೆ ತುಂಬ ಬಡಿಸಿ ಕಳಿಸಿ.

ನಿಮ್ಮ ಮನೆಯ ಸೊಸೆ,
ಉರ್ಕಿಯಾ

ತಾ.ಕ.

ಈ ಹಾಳೆಯನ್ನು ಬೇರೆ ಮಡಿಚಿ ನಿಮ್ಮ ಕೈಗೇ ಕೊಡಬೇಕೆಂದು ಓರಾಜ್‌ಬಾಯ್‌ಗೆ ಹೇಳಿದ್ದೇನೆ. ಜೌರೆಶ್ ಓದುವುದು ಬೇಡ. ಕನ್ನಡಕ ಹಾಕಿಕೊಂಡು, ಕೊಟ್ಟಿಗೆಗೆ ಹೋಗಿ ನೀವೊಬ್ಬರೇ ಓದಿ.

ಮೇಲಿನದನ್ನು ಬರೆದು ಮುಗಿಸಿದ ಮೇಲೆ ಓರಾಜ್‌ಬಾಯ್ ಹೇಳುತ್ತಾನೆ, ಊರಿನಲ್ಲಿ ಕಲ್ಲಿದ್ದಲು ಇಳಿಸಿ, ಬೇರೆ ಸರಕು ಹೇರಿ, ಇತ್ತ ಬರುವುದು ಭಾನುವಾರವಂತೆ. "ಅದಕ್ಕೆ ಮುಂಚೆ ಬಂದ್ರೆ ಯಜಮಾನ ನನ್ನ ಚರ್ಮ ಸುಲೀತಾನೆ, ಅಕ್ಕಾ" ಎಂದು ಕೈ ಮುಗಿದ. ಗಾಡಿ ಶುಕ್ರವಾರ. ನಿಮ್ಮಮ್ಮನ ಆಶೀರ್ವಾದ ಬರುವಷ್ಟರಲ್ಲಿ ಅದು ಹೋಗಿರುತ್ತದೆ.

ಗ್ಲಾಫೀರಾ ಅನ್ನುತ್ತಾಳೆ, "ಅಮ್ಮ ಹೇಳಿಕಳಿಸಿದಾಳೆ ಅಂತ ಒಂದು ಸುಳ್ಳು ಹೇಳಿಬಿಡು, ಅದರಲ್ಲೇನು." ಅವಳಿಗೆ ಸುಲಭ. ಸಾವು ಬದುಕಿನ ದಾರಿಗೆ ಹೊರಟವನ ತಲೆಯ ಮೇಲೆ ಸುಳ್ಳು ಆಶೀರ್ವಾದ ಹಾಕಿ ಕಳಿಸಲು ನನ್ನ ಕೈ ಬರುವುದಿಲ್ಲ.

ಅತ್ತೆಯವರ ಕಿರಿಮಗ, ನಿಮ್ಮ ತಮ್ಮ ಎನ್ನುವ ಹಾಗೆಯೇ ಇಡೀ ಕಾಗದ ಬರೆದೆ. ಇಪ್ಪತ್ತೇಳು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದೇನೆ. ಈ ಹಾಳೆಯಲ್ಲಿ ಹೇಳುವುದಿಲ್ಲ. ಕೆಂಜೆ ನನ್ನ ಮಗ. ನಾನು ಹೆತ್ತವನು. ನೀವು ಅವನ ಅಣ್ಣ ಅಲ್ಲ, ಅಪ್ಪ.

ಚೊಚ್ಚಲು ಮಗು ಅಜ್ಜಿಯ ಮಡಿಲಿಗೆ ಎನ್ನುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ, ನನ್ನ ತವರಿನಲ್ಲೂ ಇತ್ತು. ನಾನು ತಕರಾರು ತೆಗೆದವಳಲ್ಲ. ಹಾಲು ಕುಡಿಸಿ ಕೊಟ್ಟುಬಿಡುತ್ತಿದ್ದೆ. ಮೊದಲನೆಯವನಿಗೆ ನಿಮ್ಮಮ್ಮ ಕೊನೆಯವನು ಎಂದು ಅರ್ಥ ಬರುವ ಹೆಸರಿಟ್ಟರು, ಅದಕ್ಕೂ ತಲೆಯಾಡಿಸಿದೆ. ಮಾತು ಬಂದಾಗ ಅವನು ಅವರನ್ನು ಅಮ್ಮ ಎಂದ, ನನ್ನನ್ನು ಅತ್ತಿಗೆ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀವು ಎದ್ದು ಹೊರಗೆ ಹೋದಿರಿ. ಆ ದಿನ ನಿಮಗೂ ನೋವಾಗಿತ್ತು ಎಂದು ತಿಳಿದುಕೊಂಡಿದ್ದೇನೆ, ಕೇಳಿಲ್ಲ. ಅವನಿಗೂ ಗೊತ್ತು, ಊರಿಗೆಲ್ಲ ಗೊತ್ತು. ಬಾಯಿಬಿಟ್ಟು ಆಡುವವರು ಮಾತ್ರ ಯಾರೂ ಇಲ್ಲ.

ನಿನ್ನೆ ಅವನಿಗೆ ಜ್ವರ ಏರಿತ್ತು. ಕಣ್ಣು ಮುಚ್ಚಿಕೊಂಡೇ "ಅಮ್ಮಾ" ಎಂದ. ನನಗೆ ಏನಾಯಿತೋ, "ಬಂದೆ ಕಂದಾ" ಎಂದುಬಿಟ್ಟೆ. ಕಣ್ಣು ಬಿಟ್ಟು ನೋಡಿ, "ಓ, ನೀನಾ ಅತ್ತಿಗೆ" ಎಂದ. ಬೇಸರದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದ. ಅಷ್ಟು ನೋವು ನನಗೆ ಅವನನ್ನು ಹೆರುವಾಗಲೂ ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಡಾಕ್ಟರ ಎದುರಿಗೇ ಹೇಳುತ್ತೇನೆ, ನಾನು ಇವನ ತಾಯಿ ಎಂದು. ಅಂಗೈ ಬಿಚ್ಚಿ ನಾನೇ ಆಶೀರ್ವಾದ ಮಾಡುತ್ತೇನೆ. ನಿಮ್ಮಮ್ಮನಿಗೆ ಹೇಗೆ ಹೇಳುತ್ತೀರೋ, ಹೇಳುತ್ತೀರೋ ಬಿಡುತ್ತೀರೋ, ಅದು ನಿಮಗೆ ಬಿಟ್ಟದ್ದು. ನಿಮ್ಮ ಅಪ್ಪಣೆ ಕೇಳುತ್ತಿಲ್ಲ. ಕೇಳಿದರೂ ಉತ್ತರ ಬರುವಷ್ಟು ಹೊತ್ತಿಲ್ಲ.

ನನ್ನ ಭಯ ಒಂದೇ. ನಾನು ಅಂಗೈ ಬಿಚ್ಚಿದಾಗ, ಆಶೀರ್ವಾದ ತೆಗೆದುಕೊಳ್ಳಲು ಅವನು ತನ್ನ ಅಂಗೈ ಬಿಚ್ಚದಿದ್ದರೆ? "ನೀನಲ್ಲ, ಅಮ್ಮ ಹೇಳ್ಬೇಕು" ಎಂದು ಗೋಡೆಯ ಕಡೆ ತಿರುಗಿಬಿಟ್ಟರೆ? ಅದೊಂದು ಗಳಿಗೆ ಅವನು ನನ್ನನ್ನು ತಾಯಿ ಎಂದು ಒಪ್ಪಿಕೊಂಡು ಗಾಡಿ ಹತ್ತಲಿ. ವಾಸಿಯಾಗಿ ಬಂದ ಮೇಲೆ ಮತ್ತೆ ಅತ್ತಿಗೆ ಎಂದೇ ಕರೆಯಲಿ, ನಾನು ಸಾಯುವವರೆಗೂ ಓಗೊಡುತ್ತೇನೆ.